ಹೂವಮ್ಮನ ಮೊಳ

ತಿ. ನರಸೀಪುರದ ನಮ್ಮ ಬೀದಿಗೆ ಮಲ್ಲಿಗೆ ತರುತ್ತಿದ್ದ ಹೂವಮ್ಮ ಬುಟ್ಟಿ ಇಳಿಸುವ ಮೊದಲೇ ವಿಚಾರಣೆ ಶುರುಮಾಡುತ್ತಿದ್ದಳು. "ಯಾರ್ಗಾದ್ರೂ ಜ್ವರವಾ? ನಡುಕ ಬಂದು ಮಾತು ತೊದುಲ್ತಾ? ಕಷಾಯ ಕುಡ್ಕಂಡು ಕೂರ್ಬ್ಯಾಡಿ ಕಣ್ರವ್ವ, ಆಸ್ಪತ್ರೆಗೆ ಓಗಿ!" ಕಾಲಿಗೆ ಚುಚ್ಚಿದ ಮುಳ್ಳಿನಿಂದ ರಕ್ತಕ್ಕೆಲ್ಲ ನಂಜೇರಿ, ಸತ್ತೇ ಹೋದಳು ಎಂದು ಮನೆಯವರು ಅಳುವಾಗ ಎದ್ದು ಬಂದವಳು ಆಕೆ.

ನಮ್ಮಕ್ಕನಿಗೆ ಬಾಣಂತನದಲ್ಲಿ ಜ್ವರ ಏರಿ ಮಾತು ತಡವರಿಸಿದಾಗ, ಅಮ್ಮ ಹೂವಮ್ಮನ ಮಾತು ನೆನೆದು ತಡಮಾಡದೆ ಆಸ್ಪತ್ರೆಗೆ ಸೇರಿಸಿದರು. ಅದೂ ನಂಜೇ. ಅಕ್ಕ ಉಳಿದಳು, ಆದರೆ ಮನೆಗೆ ಬಂದ ಮೇಲೆ ಕೂದಲು ಬಹುಪಾಲು ಉದುರಿ, ತಲೆಗೆ ಸೆರಗು ಹೊದ್ದು ಒಳಕೋಣೆ ಸೇರಿದಳು.

ಹೂವಮ್ಮ ನೇರ ಒಳಗೆ ಹೋಗಿ ತನ್ನ ದಪ್ಪ ತುರುಬು ಬಿಚ್ಚಿ ತೋರಿಸಿದಳು. "ನಂದೂ ಬೋಳಾಗಿತ್ತು. ಬತ್ತದೆ, ಸುಮ್ಕಿರವ್ವ." ಅಕ್ಕನ ತಲೆಯಲ್ಲಿ ಉಳಿದಿದ್ದ ಎಳೆಗಳಿಗೆ ಒಂದೇ ಒಂದು ಮಲ್ಲಿಗೆ ಸಿಕ್ಕಿಸಿದಳು. ಮಗು ಅದಕ್ಕೆ ಕೈ ಹಾಕಿತು, ಅಕ್ಕ ನಕ್ಕಳು.

ದಿನಾ ಅದೇ ಮಾತು. ಕೂದಲು ಬೆಳೆದಂತೆ ಹೂವೂ ಬೆಳೆಯಿತು. ಅಕ್ಕ ಮೊದಲ ಜಡೆ ಹೆಣೆದ ದಿನ, ಒಂದು ಮೊಳ ಅಳೆಯಲು ಕುಳಿತ ಹೂವಮ್ಮ ನಿಲ್ಲಿಸಲೇ ಇಲ್ಲ, ಬುಟ್ಟಿ ಬರಿದಾಯಿತು.

"ಇದ್ಯಾವ ಮೊಳ ಹೂವಮ್ಮ?" ಎಂದರು ಅಮ್ಮ.

"ಬದ್ಕಿ ಬಂದೋರ ಮೊಳ ಕಣ್ರವ್ವ!"