ಯೆರೂಸಲೇಮಿನಲ್ಲಿ ಬಿಟ್ಟು ಬಂದದ್ದು

ಯೆರೂಸಲೇಮಿನಲ್ಲಿ ಬೈಬಲ್ ಓದಲು ಹೋಗಿದ್ದ ನಾನು ರಜೆಗೆ ನಮ್ಮೂರು ಅಕ್ಕೂರಿಗೆ ಬಂದಿದ್ದೆ. ಪಕ್ಕದ ಮನೆಯ ಪುಟ್ಟಮ್ಮಜ್ಜಿ, ತಮ್ಮ ಮಗ ಬಿಡದಿಯ ಫ್ಯಾಕ್ಟರಿ ಬಸ್ಸು ಹತ್ತಿದ ಮೇಲೆ, ಒಬ್ಬರೇ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದರು.

"ಯೇಸಪ್ಪ ಹುಟ್ಟಿದ ಊರು ನೋಡ್ದಾ ಮಗಾ?"

"ನೋಡ್ದೆ ಅಜ್ಜಿ. ಶಿಲುಬೆಗೆ ಹಾಕಿದ ಜಾಗಾನೂ ನೋಡ್ದೆ."

"ಅಲ್ಲಿ ಏನು ಬುಟ್ಟು ಬಂದೆ?"

"ಬಿಟ್ಟು ಬರೋದು ಅಂದ್ರೆ ಏನಜ್ಜಿ?"

"ಕಾಸಿಗೆ ಹೋದೋರು ಇಷ್ಟವಾದ ತರಕಾರಿನೋ ಹಣ್ಣೋ ಒಂದನ್ನ ಇನ್ನು ತಿನ್ನಾಕಿಲ್ಲ ಅಂತ ಬುಟ್ಟು ಬತ್ತಾರಲ್ಲಪ್ಪ, ಹಂಗೆ."

ಅಲ್ಲಿನ ಒಂದೊಂದು ಕಲ್ಲಿನ ಚರಿತ್ರೆಯೂ ನನಗೆ ಬಾಯಿಪಾಠ. ಆದರೆ ಏನನ್ನೂ ಬಿಟ್ಟಿರಲಿಲ್ಲ. ಅಜ್ಜಿಯ ಮನಸ್ಸು ನೋಯಿಸಬಾರದೆಂದು, ಹುಟ್ಟಿದಾಗಿನಿಂದ ಬಾಯಿಗಿಡದ ತರಕಾರಿಯ ಹೆಸರು ಹೇಳಿದೆ: "ಹಾಗಲಕಾಯಿ."

ಸೊಪ್ಪು ಹಾಕುತ್ತಿದ್ದ ಕೈ ನಿಂತಿತು. ಅಜ್ಜಿ ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಕಾಸೀಲಿ ನಾನೂ ಅದನ್ನೇ ಬುಟ್ಟೆ ಕಣಪ್ಪ. ಆ ಕಹಿ ಯಾರು ತಿಂತಾರೆ!"

ಅಂದಿನಿಂದ ಅಮ್ಮ ಹಾಗಲಕಾಯಿ ಗೊಜ್ಜು ಮಾಡಿದಾಗಲೆಲ್ಲ ನಾನು ಭಕ್ತಿಯಿಂದ ಬೇಡ ಅನ್ನುತ್ತೇನೆ.