ಕೌಂಟರಿನಲ್ಲಿ ಉಳಿದ ಹದಿನಾರು ಪುಟಗಳು

ಭದ್ರಾವತಿಯ ಹಳೇನಗರದಲ್ಲಿ ನಮ್ಮ ತಂದೆ ರಾಮಚಂದ್ರಪ್ಪನವರು ನಡೆಸುತ್ತಿದ್ದ ಬಾಡಿಗೆ ಪುಸ್ತಕಗಳ ಅಂಗಡಿಯಲ್ಲಿ ಒಂದು ಕಟ್ಟುಪಾಡಿತ್ತು. ಪತ್ತೇದಾರಿ ಕಾದಂಬರಿ ಒಯ್ದವರು ಹಿಂದಿರುಗಿಸುವುದೇ ಅಪರೂಪವಾದ್ದರಿಂದ, ಅಂತಹ ಪ್ರತಿಯೊಂದು ಪುಸ್ತಕದ ಕೊನೆಯ ಹದಿನಾರು ಪುಟಗಳನ್ನು ಬಿಡಿಸಿ, ಬೇರೆಯಾಗಿ ಹೊಲಿದು, ಕೌಂಟರಿನ ಡ್ರಾಯರಿನಲ್ಲಿಡುತ್ತಿದ್ದರು. ಪುಸ್ತಕ ತಂದುಕೊಟ್ಟವರಿಗೆ ಮಾತ್ರ ಆ ಪುಟಗಳು. ಅದೂ ಅಲ್ಲಿಯೇ ನಿಂತು ಓದಬೇಕು. ಶಿವಮೊಗ್ಗದ ಕಾಲೇಜು ಕಚೇರಿಯ ಕೆಲಸ ಮುಗಿಸಿ, ಸಂಜೆಯ ಬಸ್ಸಿಗೆ ಬಂದು ಬಾಗಿಲು ತೆರೆಯುವ ನಾನೂ ಅದನ್ನು ಮುಂದುವರಿಸಿದ್ದೇನೆ. ಮೂವತ್ತೆಂಟು ವರ್ಷಗಳಲ್ಲಿ ಒಂದು ಹಾಳೆಯೂ ಕಳೆದಿಲ್ಲ.

ಹಾಗೆ ನಿಂತು ಓದಿದವರಲ್ಲಿ ಖಲಂದರ್ ಅವರಷ್ಟು ನಿಧಾನವಾಗಿ ಓದಿದವರನ್ನು ನಾನು ಕಾಣೆ. ಅವರು ಟ್ಯಾಕ್ಸಿ ಓಡಿಸುತ್ತಾರೆ. ಸೋಗಾನೆಯಲ್ಲಿ ವಿಮಾನಕ್ಕೆ ಕಾಯುವಾಗ, ಮದುವೆ ಛತ್ರಗಳ ಹೊರಗೆ, ಆಸ್ಪತ್ರೆಗಳ ಮುಂದೆ, ಎಲ್ಲೆಲ್ಲಿ ಕಾರು ನಿಂತಿತೋ ಅಲ್ಲೆಲ್ಲ ಓದಿದರು. ಮನೆಯಲ್ಲಿ ಅದನ್ನೇ ಹೆಂಡತಿ ಅಮೀರುನ್ನೀಸಾ ಅವರಿಗೆ ಗಟ್ಟಿಯಾಗಿ ಓದಿ ಹೇಳಿದರು. ಕೊನೆಯ ಪುಟಗಳು ಮಾತ್ರ ಮನೆಗೆ ಹೋಗುತ್ತಿರಲಿಲ್ಲ. ಕೌಂಟರಿನಲ್ಲಿ ಓದಿಕೊಂಡು ಹೋಗಿ ಬಾಯಿಮಾತಿನಲ್ಲಿ ಒಪ್ಪಿಸುತ್ತಿದ್ದರು.

ಇಬ್ಬರೂ ಮತ್ತೆ ಮತ್ತೆ ಒಯ್ದದ್ದು ನಾಲ್ಕು ಕಾದಂಬರಿಗಳ ಒಂದು ಮಾಲೆಯನ್ನು. ಅದರ ಪತ್ತೇದಾರ ಪ್ರತಿ ಚಳಿಗಾಲದಲ್ಲಿ ಸೇತುವೆ ದಾಟಿ ಬೆಚ್ಚಗಿನ ದ್ವೀಪಗಳಿಗೆ ಕಾರಿನಲ್ಲಿ ಹೋಗುತ್ತಾನೆ. ಕೊಲೆಗಳೂ ಅವನ ಹಿಂದೆಯೇ ಬರುತ್ತವೆ. ನಾಲ್ಕನೆಯದರಲ್ಲಿ, ಎದೆಯ ಕಾಯಿಲೆಯಿಂದ ಬಳಲುವ ಸಾಕ್ಷಿಯೊಬ್ಬಳನ್ನು ಅವನು ಅಲ್ಲಿಗೆ ಕರೆದೊಯ್ಯುತ್ತಾನೆ. ಅವಳು ಸೇತುವೆಯ ಈಚೆಗೇ ಕಾರಿನಲ್ಲಿ ಸಾಯುತ್ತಾಳೆ. ಖಲಂದರ್ ಮನೆಯಲ್ಲಿ ಹೇಳಿದ್ದು, ಅವಳು ಸಾಯಲಿಲ್ಲ, ಸೇತುವೆ ದಾಟಿದಳು ಎಂದು. ಅಮೀರುನ್ನೀಸಾ ಅವರಿಗೆ ಆಗಲೇ ಡಿಸೆಂಬರಿನ ಚಳಿಯಲ್ಲಿ ಉಸಿರು ಕಟ್ಟುತ್ತಿತ್ತು.

"ನನ್ನನ್ನೂ ಅಂಥ ಕಡೆ ಕರ್ಕೊಂಡು ಹೋಗ್ರಿ" ಎಂಬುದು ಅಂದಿನಿಂದ ಆ ಮನೆಯ ಮಾತಾಯಿತು. ಖಲಂದರ್ ಅವರಿಗೆ ದ್ವೀಪಗಳು ಗೊತ್ತಿದ್ದವು. ಪ್ರತಿ ವರ್ಷ ಶಬರಿಮಲೆಗೆ ಮಾಲಾಧಾರಿಗಳನ್ನು ಕರೆದೊಯ್ಯುವಾಗ, ಗುರುವಾಯೂರು ದಾಟಿದ ಮೇಲೆ ವೈಪಿನ್ ದ್ವೀಪದ ಕಡೆ ಬಾಣ ತೋರುವ ಬೋರ್ಡೊಂದು ಕಾಣುತ್ತಿತ್ತು. ಆದರೆ ಚಳಿಗಾಲವೆಂದರೆ ಅವರಿಗೆ ಯಾತ್ರೆಯ ಕಾಲ. ಗುರುಸ್ವಾಮಿ ವೆಂಕಟಾಚಲ ಅವರು ಬೇರೆ ಡ್ರೈವರನ್ನು ಒಪ್ಪುತ್ತಿರಲಿಲ್ಲ. "ನಮ್ ಸಾಬ್ರಿಲ್ದೆ ಹೋದ್ರೆ ಅಯ್ಯಪ್ಪ ನಮ್ಮನ್ನೇ ಯಾರು ಅಂತಾನೆ" ಎನ್ನುತ್ತಿದ್ದರು. ಹತ್ತು ಚಳಿಗಾಲ ಹೀಗೆಯೇ ಕಳೆದವು.

೨೦೨೪ರ ನವೆಂಬರಿನಲ್ಲಿ ಶಿವಮೊಗ್ಗದ ವೈದ್ಯರು, ಇನ್ನೊಂದು ಚಳಿಗಾಲ ಕಷ್ಟ ಎಂದರು. ಖಲಂದರ್ ಯಾತ್ರೆಯನ್ನು ಬಿಟ್ಟುಕೊಟ್ಟರು. ಡಿಸೆಂಬರ್ ಹದಿನೆಂಟರಂದು ದ್ವೀಪಕ್ಕೆ ಹೊರಡುವುದೆಂದು ನಿಶ್ಚಯವಾಯಿತು.

ಹತ್ತನೆಯ ತಾರೀಖು ಅವರು ನನ್ನ ಬಳಿ ಬಂದರು. ಮಗಳು ಇರಂಳ ಪಠ್ಯಗಳಿಂದ ಅಮೀರುನ್ನೀಸಾ ಈ ನಡುವೆ ಕನ್ನಡ ಓದಲು ಕಲಿತಿದ್ದರು.

"ನಾಲ್ಕನೇದನ್ನ ದ್ವೀಪದಲ್ಲಿ ಕೂತು ತಾನೇ ಪೂರ್ತಿ ಓದ್ತಾಳಂತೆ ಮೇಡಂ. ನಿಮ್ಮ ಹತ್ರ ಕೊನೆ ಕೇಳ್ತಾಳೆ. ಕಳ್ದೋಗಿದೆ ಅಂತ ಹೇಳ್ಬಿಡಿ."

"ಹಾಗೆ ಯಾರಿಗೂ ಹೇಳಿಲ್ಲ ಖಲಂದರಣ್ಣ."

"ಇದೊಂದು ಸಲ."

ಹನ್ನೆರಡರ ಸಂಜೆ ಅಮೀರುನ್ನೀಸಾ ತಾವೇ ಆಟೋದಲ್ಲಿ ಬಂದರು. ಎರಡು ಮೆಟ್ಟಿಲು ಹತ್ತಿದ್ದಕ್ಕೇ ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕುಳಿತಿರಬೇಕಾಯಿತು.

"ಏ ವಾಣಿ, ನಾಲ್ಕನೇದು ಬಾಲ ಸಮೇತ ಕೊಡು ಮಾರಾಯ್ತಿ. ನಿಮ್ಮಪ್ಪನ ಕಾನೂನು ದ್ವೀಪದ ತನಕ ಬೇಡ."

"ಕೊನೆಯ ಪುಟಗಳು ಕಳೆದುಹೋಗಿವೆ ಆಪಾ."

ಅವರು ನಕ್ಕರು, ನಗು ಕೆಮ್ಮಾಯಿತು. "ನಿನ್ ಕೈಲಿ? ಇರಂ ಒಂದನೇ ಕ್ಲಾಸಲ್ಲಿ ಇಲ್ಲಿ ಬಿಟ್ಟೋದ ಪೆನ್ಸಿಲ್ಲನ್ನ ಅವಳ ಎಸ್ಸೆಸ್ಸೆಲ್ಸಿ ಮುಗಿದ್ಮೇಲೆ ವಾಪಸ್ ಕೊಟ್ಟೋಳು ನೀನು."

ನಾನು ಡ್ರಾಯರಿನ ಬೀಗವನ್ನೇ ನೋಡುತ್ತಿದ್ದೆ. ಅವರ ನಗು ನಿಂತಿತು.

"ಆ ಹೆಂಗಸು ಸೇತುವೆ ದಾಟ್ಲಿಲ್ಲ. ಅಲ್ವಾ?"

ನಾನು ಕೌಂಟರಿನ ಮೇಲಿನ ಪುಸ್ತಕಗಳನ್ನು ಜೋಡಿಸತೊಡಗಿದೆ.

"ಹತ್ತು ವರ್ಷದಿಂದ ಅವಳನ್ನ ಬದುಕಿಸಿಟ್ಟಿದಾರೆ ನೋಡು, ನಮ್ಮನೆಯವ್ರು" ಎಂದರು. ಮತ್ತೆ ಕೇಳಿದರು: "ದಾರೀಲಿ ನನಗೇನಾದ್ರೂ ಆದ್ರೆ, ಗೊತ್ತಿಲ್ಲದ ಊರಲ್ಲಿ ಒಬ್ರೇ ಏನ್ ಮಾಡ್ತಾರೆ ವಾಣಿ? ಕಾರಲ್ಲಿ ನನ್ನನ್ನ ಇಟ್ಕೊಂಡು ಅಷ್ಟು ದೂರ ಹೆಂಗೆ ಬರ್ತಾರೆ?"

ಪುಸ್ತಕ ಒಯ್ಯಲಿಲ್ಲ. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟೇ: "ಅ. ಆಪಾ ಬಂದಿದ್ದರು. ಪುಟಗಳು ಕಳೆದಿವೆ ಎಂದೆ."

ಮರುದಿನ ಅವರು ಗಂಡನಿಗೆ, ದ್ವೀಪದ ಆಸೆ ಹೋಯಿತು, ಸ್ವಾಮಿಗಳಿಗೆ ಕೊಟ್ಟ ಮಾತು ಮುರಿಯಬೇಡಿ ಎಂದರಂತೆ. ಖಲಂದರ್ ಜಗಳವಾಡಿದರು, ಮಾತು ಬಿಟ್ಟರು, ವೈದ್ಯರಿಂದ ಫೋನು ಮಾಡಿಸಿದರು. ಅಮೀರುನ್ನೀಸಾ ಜಗ್ಗಲಿಲ್ಲ. ಇಪ್ಪತ್ಮೂರರಂದು ಖಲಂದರ್ ಮಾಲಾಧಾರಿಗಳನ್ನು ಕೂರಿಸಿಕೊಂಡು ಶಬರಿಮಲೆಗೆ ಹೊರಟರು.

ಇಪ್ಪತ್ತೇಳರ ಬೆಳಿಗ್ಗೆ ಏಳಕ್ಕೆ, ಹಿಂದಿರುಗುವ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದಾಗ, ಇರಂ ಫೋನು ಮಾಡಿದಳು. ತಾಯಿ ಬೆಳಗಿನ ನಮಾಜಿನ ನಂತರ ಮಲಗಿದವರು ಏಳಲಿಲ್ಲ. ಚಹಾದಂಗಡಿಯಿಂದ ದ್ವೀಪದ ಬಾಣದ ಬೋರ್ಡು ಕಾಣುತ್ತಿತ್ತು ಎಂದು ಖಲಂದರ್ ನನಗೆ ಆಮೇಲೆ ಹೇಳಿದರು. ವೆಂಕಟಾಚಲ ಅವರೇ ಖಲಂದರ್ ಕೈಯಿಂದ ಕೀಲಿ ತೆಗೆದುಕೊಂಡು ತಮ್ಮ ಗುಂಪಿನ ಸಂಜಯನಿಗೆ ಕೊಟ್ಟರು. ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಸಲ ಖಲಂದರ್ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಊರಿಗೆ ಬಂದರು. ಅವರು ತಲುಪುವವರೆಗೆ ಮಣ್ಣು ಮಾಡದೆ ದಫನ್ ಕಾಯಿತು.

ಫೆಬ್ರವರಿ ಒಂಬತ್ತರಂದು ಅವರು ಅಂಗಡಿಗೆ ಬಂದರು. ಪುಸ್ತಕ ಕೇಳಲಿಲ್ಲ.

"ಅವಳಿಗೆ ಗೊತ್ತಾಗಿತ್ತಾ ಮೇಡಂ?"

"ಗೊತ್ತಾಗಿತ್ತು. ನನ್ನ ಮುಖ ನೋಡಿ." ಕಾರಿನಲ್ಲಿ ಅವರೊಬ್ಬರೇ ಹೇಗೆ ಬರುತ್ತಾರೆಂದು ಆಪಾ ಕೇಳಿದ ಮಾತನ್ನೂ ಹೇಳಿದೆ. ಇನ್ನು ಮುಚ್ಚಿಡುವಂತಹದು ಏನೂ ಇರಲಿಲ್ಲ.

ಅವರು ಸ್ಟೂಲಿನ ಮೇಲೆ ಕುಳಿತರು. ಒಬ್ಬಿಬ್ಬರು ಬಂದು ಪುಸ್ತಕ ಬದಲಿಸಿಕೊಂಡು ಹೋದರು.

"ನೀವು ದಿನಾ ಬರೀತೀರಲ್ಲ. ನಾನು ಅವಳಿಗೆ ಹೇಳಿದ ಕೊನೆ ಎಲ್ಲಾದ್ರೂ ಬರೆದಿದೀರಾ?"

ಬರೆದಿರಲಿಲ್ಲ. ಮಳೆ ಬಿದ್ದದ್ದು, ಬಸ್ಸು ತಡವಾದದ್ದು, ಎಲ್ಲವೂ ನನ್ನ ದಿನಚರಿಗಳಲ್ಲಿವೆ. ಅದು ಅವರ ಮನೆಯ ಮಾತು. ದಾಟಿದಳು ಎಂಬುದಕ್ಕಿಂತ ಹೆಚ್ಚು ನಾನು ಕೇಳಿರಲೇ ಇಲ್ಲ.

"ಈಗ ಹೇಳಿ, ಬರೆದುಕೊಳ್ಳುತ್ತೇನೆ" ಎಂದು ಆ ದಿನದ ಪುಟ ತೆರೆದೆ.

"ಸೇತುವೆ ದಾಟಿದ್ರು. ಎಳೆ ಬಿಸಿಲಿತ್ತು. ಕಾರಿನ ಗ್ಲಾಸು ಇಳಿಸಿ ಅಂದ್ಲು." ಅವರು ನಿಲ್ಲಿಸಿದರು. ನಾನು ಪೆನ್ನು ಹಿಡಿದು ಕಾದೆ.

"ಅಷ್ಟೇ ನಾನು ಹೇಳಿದ್ದು ಮೇಡಂ. ಆಮೇಲಿಂದೆಲ್ಲ ಅವಳೇ ಸೇರಿಸ್ತಿದ್ಲು, ವರ್ಷ ವರ್ಷ. ದ್ವೀಪದಲ್ಲಿ ಮನೆ ಮಾಡಿದ್ದು, ಅಂಗಳದಲ್ಲಿ ಏನೋ ಗಿಡ... ನಾನು ಹೂಂ ಅಂತಿದ್ದೆ. ಸರಿಯಾಗಿ ಕೇಳಿಸ್ಕೊಳ್ಲಿಲ್ಲ."

ಫೆಬ್ರವರಿ ಒಂಬತ್ತರ ಪುಟದಲ್ಲಿ ಮೂರೇ ಸಾಲುಗಳಿವೆ.