ಕಾಶಿಬಾಯಿಯ ಚುಕ್ಕಿ ಬಂದೋಬಸ್ತು

ಕಾಶಿಬಾಯಿಯನ್ನು ಮೊದಲ ಸಲ ಕಂಡಾಗ ಆಕೆ ಕಳ್ಳರ ಕಡೆಯವಳೆಂದು ನಾನು ನಿರ್ಧರಿಸಿಬಿಟ್ಟಿದ್ದೆ. ನಿರ್ಧಾರಗಳನ್ನು ಬೇಗ ತೆಗೆದುಕೊಳ್ಳಬೇಕು ಎಂದು ಬ್ಯಾಂಕಿನ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಸರಿಯಾದ ನಿರ್ಧಾರದ ಮಾತನ್ನು ಅವರು ಎತ್ತಿದ ನೆನಪಿಲ್ಲ.

2008ರ ಮಾತು. ಕಾಗದಪತ್ರಗಳಲ್ಲಿ ಇನ್ನೂ ಔರಂಗಾಬಾದ್ ಆಗಿದ್ದ ಸಂಭಾಜಿನಗರಕ್ಕೆ ನಾನು ಧಾರವಾಡದಿಂದ ವರ್ಗವಾಗಿ ಬಂದು ತಿಂಗಳಾಗಿರಲಿಲ್ಲ. ಸಿಡ್ಕೋ ಬಡಾವಣೆಯ ಒಂದು ಗಲ್ಲಿಯಲ್ಲಿ ಹನ್ನೆರಡು ಸಾಲುಮನೆಗಳು, ಅದರಲ್ಲಿ ಒಂದು ನನ್ನದು. ಆಗ ಊರ ತುಂಬ ಒಂದೇ ಸುದ್ದಿ: ಕಳ್ಳರು ಹಗಲಲ್ಲೇ ಬಂದು ಬೀಗ ಬಿದ್ದ ಮನೆಗಳ ಮುಂದೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಹೋಗುತ್ತಾರಂತೆ. ಒಂದು ಗೀಟು ಎಳೆದರೆ ಮನೆಯಲ್ಲಿ ಯಾರೂ ಇಲ್ಲ, ಎರಡು ಎಳೆದರೆ ಮುದುಕರಿದ್ದಾರೆ, ಸೊನ್ನೆ ಬರೆದರೆ ನಾಯಿ ಇದೆ. ಇಷ್ಟೆಲ್ಲ ಗೊತ್ತಿದ್ದವರು ಕಳ್ಳರನ್ನೇ ಏಕೆ ಹಿಡಿಯಲಿಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಹಾಲಿನ ಚೀಲ ತೆಗೆದುಕೊಳ್ಳಲು ಹೊರಗೆ ಬಂದೆ. ಪಕ್ಕದ ಮನೆಯವರು ಪುಣೆಗೆ ಹೋಗಿ ನಾಲ್ಕು ದಿನವಾಗಿತ್ತು. ಅವರ ಬಾಗಿಲ ಮುಂದೆ ಹೆಂಗಸೊಬ್ಬಳು ಕುಕ್ಕರಗಾಲಲ್ಲಿ ಕುಳಿತು, ನೆಲದ ಮೇಲೆ ಬಿಳಿ ಪುಡಿಯಿಂದ ಗುರುತು ಮಾಡುತ್ತಿದ್ದಳು. ಎದುರು ಮನೆಯ ಜಯಕರರನ್ನು ಸನ್ನೆ ಮಾಡಿ ಕರೆದೆ. ಇವರು ಉಡುಪಿಯವರು, ಕೇಂದ್ರ ಸರ್ಕಾರದ ಅಬಕಾರಿ ಸೂಪರಿಂಟೆಂಡೆಂಟ್. ಲುಂಗಿಯಲ್ಲೇ ಓಡಿ ಬಂದರು. ಕೈಯಲ್ಲಿ ಟಾರ್ಚು. ಸೂರ್ಯ ಆಗಲೇ ಚೆನ್ನಾಗಿ ಬಂದಿದ್ದರೂ ಅವರು ಅದನ್ನು ಹೊತ್ತಿಸಿ ಆಕೆಯ ಮುಖಕ್ಕೆ ಹಿಡಿದರು. ನನ್ನ ಕೈಯಲ್ಲಿ ಮಗಳ ಬ್ಯಾಡ್ಮಿಂಟನ್ ಬ್ಯಾಟು.

"ಏಯ್, ಏನ ಗುರ್ತು ಹಾಕ್ಲಿಕ್ಕತ್ತೀ ಇಲ್ಲೆ?" ಎಂದೆ.

ಆಕೆ ತಲೆ ಎತ್ತಲಿಲ್ಲ. "ತಡೀರಿ ಸಾಹೇಬ್ರೆ. ನಡಬರಕ ಮಾತಾಡ್ಸಿದ್ರ ಚುಕ್ಕಿ ತಪ್ತಾವ."

"ಈ ಮನ್ಯಾಗ ಯಾರೂ ಇಲ್ಲ ಅನ್ನೂದು ಗೊತ್ತಿಲ್ಲೇನು?"

"ಗೊತ್ತದ. ಅದಕ್ಕೇ ಹಾಕ್ಲಾಕತ್ತೀನಿ. ಯಾರೂ ಇಲ್ಲಂತ ನಿಮಗ ಗೊತ್ತದ, ನನಗ ಗೊತ್ತದ. ಕಳ್ಳಗ ಯಾಕ ಗೊತ್ತಾಗಬೇಕ್ರಿ? ಕಾಲು ತಗೀರಿ, ಎಳಿ ಮ್ಯಾಲ ನಿಂತೀರಿ."

ನಾನು ಕಾಲು ತೆಗೆದೆ. ಜಯಕರ ಟಾರ್ಚು ಆರಿಸಿದರು.

ಕಾಶಿಬಾಯಿ ಗಲ್ಲಿಯ ಕೊನೆಯ ಮನೆಯವಳು. ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವಳು, ಈ ಊರಿಗೆ ಬಂದು ಇಪ್ಪತ್ತು ವರ್ಷ. ಗಂಡ ವೈಜನಾಥ ವಾಳೂಜಿನ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಫಿಟ್ಟರ್, ಬೆಳಗಿನ ಪಾಳಿ, ಐದೂವರೆಗೆ ಬಸ್ಸು ಹತ್ತುವವನು. ಒಬ್ಬಳೇ ಮಗಳು ಉಮಾಶ್ರೀಯನ್ನು ನಾಸಿಕಕ್ಕೆ ಕೊಟ್ಟಿತ್ತು. ಕಾಶಿಬಾಯಿ ನಮ್ಮೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದಳು, ತರಕಾರಿಯವನ ಜೊತೆ ಹಿಂದಿಯಲ್ಲಿ ಚೌಕಾಸಿ ಮಾಡುತ್ತಿದ್ದಳು, ಮರಾಠಿಯಲ್ಲಿ ಸಿಟ್ಟಾಗುತ್ತಿದ್ದಳು. ಬೆಳಿಗ್ಗೆ ಯಾವ ಭಾಷೆ ಕೇಳಿಬಂತು ಎಂಬುದರ ಮೇಲೆ ನಾವು ಆಕೆಯ ಮನೆ ಮುಂದೆ ಹಾಯುವುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದೆವು.

ಗಲ್ಲಿಯವರು ಯಾರೇ ಊರಿಗೆ ಹೋದರೂ ಕೀಲಿಕೈ ಆಕೆಯ ಹತ್ತಿರ ಕೊಡುತ್ತಿದ್ದರು. ಆಕೆ ಮೊದಲು ಮುಂಬಾಗಿಲಿಗೆ ತೂಗುವ ಬೀಗವನ್ನೇ ತೆಗೆಸುತ್ತಿದ್ದಳು. "ಹೊರಗ ಕೀಲಿ ತೂಗಬಿಟ್ರ, ಬರ್ರೀ, ಯಾರೂ ಇಲ್ಲ ಅಂತ ಬೋರ್ಡ್ ಹಚ್ಚಿದಂಗ," ಎನ್ನುತ್ತಿದ್ದಳು. ಮುಂಬಾಗಿಲನ್ನು ಒಳಗಿನಿಂದ ಹಾಕಿ ಹಿತ್ತಿಲ ಬಾಗಿಲಿಂದ ಹೊರಬರಬೇಕು. ಬಾಗಿಲ ಬಿಜಾಗರಿಗಳಿಗೆ ವೈಜನಾಥ ನಾಲ್ಕು ಇಂಚಿನ ಸ್ಕ್ರೂ ಕೂರಿಸಿಕೊಟ್ಟಿದ್ದ. ಸಣ್ಣ ಸ್ಕ್ರೂ ಇದ್ದರೆ ಒಂದು ಒದೆತಕ್ಕೆ ಬೀಗದ ಸಮೇತ ಬಾಗಿಲೇ ಮಲಗುತ್ತದೆ ಎಂಬುದು ಅವನ ಲೆಕ್ಕ. ಕಿಟಕಿಗಳ ಕೆಳಗೆ ಜಲ್ಲಿ ಸುರಿಸಿದ್ದರು, ಬೆಕ್ಕು ನಡೆದರೂ ಸದ್ದಾಗಬೇಕೆಂದು. ಇದಿಷ್ಟು ಕಬ್ಬಿಣ ಕಲ್ಲಿನ ಕೆಲಸ. ಉಳಿದದ್ದೆಲ್ಲ ಕಾಶಿಬಾಯಿಯದು: ದಿನಾ ಬೆಳಿಗ್ಗೆ ಖಾಲಿ ಮನೆಯ ಮುಂದೆ ರಂಗೋಲಿ ಹಾಕುವುದು, ಹಗ್ಗದ ಮೇಲಿನ ಸೀರೆ ಬದಲಿಸುವುದು, ಬಾಗಿಲಲ್ಲಿಯ ಚಪ್ಪಲಿಗಳನ್ನು ಆಚೀಚೆ ಮಾಡುವುದು, ತುಳಸಿಗೆ ನೀರೆರೆಯುವುದು, ಒಂದೊಂದು ಅಡುಗೆಮನೆಯಲ್ಲಿ ಬರೀ ನೀರು ಹಾಕಿ ಕುಕ್ಕರ್ ಕೂಗಿಸುವುದು. ಆಕೆಯ ಕೈಗೆ ಕೊಟ್ಟ ಮನೆ ನಾವು ವಾಸವಿದ್ದಾಗಿನದಕ್ಕಿಂತ ಹೆಚ್ಚು ವಾಸವಿದ್ದಂತೆ ಕಾಣುತ್ತಿತ್ತು.

ಇದು ಜಯಕರರಿಗೆ ಸರಿ ಬರಲಿಲ್ಲ. "ಇದೆಂತ ಮಾರಾಯ್ರೆ, ರಂಗೋಲಿ ಹಾಕಿ ಕಳ್ಳರನ್ನು ಓಡಿಸುವುದಾ? ವೈಜ್ಞಾನಿಕವಾಗಿ ಹೋಗಬೇಕು," ಎಂದು ಗಲ್ಲಿಯ ಭದ್ರತಾ ಸಮಿತಿ ಕಟ್ಟಿದರು. ಅವರು ಅಧ್ಯಕ್ಷರು, ನಾನು ಉಪಾಧ್ಯಕ್ಷ. ಬ್ಯಾಂಕಿನ ಸ್ಟ್ರಾಂಗ್‌ರೂಮಿನ ಎರಡು ಕೀಲಿಗಳಲ್ಲಿ ಒಂದು ನನ್ನ ಸೊಂಟದಲ್ಲಿರುತ್ತಿದ್ದುದರಿಂದ ನನ್ನನ್ನು ತಜ್ಞನೆಂದು ಪರಿಗಣಿಸಲಾಯಿತು. ಪರಿಗಣಿಸಿದವನೂ ನಾನೇ.

ಸಮಿತಿಯ ಮೊದಲ ಠರಾವು: ಯಾವ ಮನೆಯಲ್ಲಿ ಯಾರಿದ್ದಾರೆಂದು ಕಳ್ಳರಿಗೆ ತಿಳಿಯದಂತೆ ಎಲ್ಲರೂ ನಾಮಫಲಕ ಮತ್ತು ಮನೆ ನಂಬರು ತೆಗೆದುಹಾಕಬೇಕು. ತೆಗೆದೆವು. ಮೂರು ತಿಂಗಳು ನನ್ನ ಅಂಚೆಯನ್ನು ಬೇರೆಯವರು ಓದಿದರು. ಎರಡನೆಯ ಠರಾವು, ಸೈರನ್. ಅದನ್ನು ಮೊದಲು ಜಯಕರರೇ ತಮ್ಮ ಮನೆಗೆ ಹಾಕಿಸಿಕೊಂಡರು. ಆಗ ದಿನಕ್ಕೆ ಆರು ತಾಸು ಲೋಡ್‌ಶೆಡ್ಡಿಂಗ್. ಕರೆಂಟು ಬಂದಾಗಲೆಲ್ಲ ಸೈರನ್ನು ತಾನಾಗಿ ಕೂಗಿಕೊಳ್ಳುತ್ತಿತ್ತು. ಹದಿನೈದು ದಿನದಲ್ಲಿ ಗಲ್ಲಿ ಅದಕ್ಕೆ ಹೊಂದಿಕೊಂಡಿತು: ಸೈರನ್ ಕೂಗಿದರೆ ಹೆಂಗಸರು ಓಡಿಹೋಗಿ ನೀರಿನ ಮೋಟಾರು ಹಚ್ಚುತ್ತಿದ್ದರು.

ಒಂದು ದಿನ ಮಧ್ಯಾಹ್ನ ಜಯಕರರ ಮನೆಗೆ ನಿಜಕ್ಕೂ ಕಳ್ಳ ಬಂದ. ಮನೆಯವರು ಎರಡು ದಿನ ವೇರೂಳಿನ ಗುಹೆಗಳನ್ನು ನೋಡಲು ಹೋಗಿದ್ದರು. ಸೈರನ್ನು ಬ್ಯಾಟರಿಯ ಬಲದಲ್ಲಿ ಹದಿನೈದು ನಿಮಿಷ ಕರ್ತವ್ಯ ನಿಷ್ಠೆಯಿಂದ ಕೂಗಿತು. ಇಡೀ ಗಲ್ಲಿ ಸಂತೋಷದಿಂದ ಮೋಟಾರು ಹಚ್ಚಿ, ಕರೆಂಟೇ ಇಲ್ಲವಲ್ಲ ಎಂದು ಬೈದುಕೊಂಡಿತು. ಹೋದದ್ದು ಒಂದು ಮಿಕ್ಸರ್, ಎರಡು ಪ್ಯಾಂಟು ಮತ್ತು ಭದ್ರತಾ ಸಮಿತಿಯ ಕಡತ.

ಕಾಶಿಬಾಯಿ ಬಂದು ಹೊಸ್ತಿಲ ಮುಂದೆ ನಿಂತಳು. ಅಲ್ಲಿ ಜಯಕರರ ಮನೆಯವರು ಅಂಗಡಿಯಿಂದ ತಂದು ಅಂಟಿಸಿದ ಪ್ಲಾಸ್ಟಿಕ್ ರಂಗೋಲಿ ಇತ್ತು. ಅದರ ಮೇಲೆ ಬೆರಳಾಡಿಸಿ ಧೂಳು ತೋರಿಸಿದಳು. "ಎರಡ ದಿನದ್ದು. ನನಗ ಕಾಣ್ತದಂದ್ರ ಅವಗೂ ಕಾಣ್ತದ. ನನ್ನ ಕೈಯಾಗ ಕೀಲಿ ಕೊಟ್ಟು ಹೋಗಿದ್ರ ಏನ ಮುತ್ತು ಉದುರ್ತಿತ್ರಿ ಜಯಕರ ಅಣ್ಣಾರ?" ಎಂದು ಚಾಕುವಿನಿಂದ ಆ ಸ್ಟಿಕ್ಕರನ್ನು ಕೆರೆದು ತೆಗೆದಳು. ಅಂದಿನಿಂದ ಸಮಿತಿಯ ಕೀಲಿಗಳೂ ಕೊನೆಯ ಮನೆಯ ಮೊಳೆಗೆ ಹೋದವು.

ಇನ್ನು 2010ರ ಮೇ ತಿಂಗಳು. ಶಾಲೆಗೆ ರಜೆ ಬಿದ್ದೊಡನೆ ಗಲ್ಲಿಯ ಹೆಂಗಸರು ಮಕ್ಕಳೆಲ್ಲ ಊರುಗಳಿಗೆ ಹೊರಟರು. ನನ್ನ ಹೆಂಡತಿ ಸುಮನ, ಮಗಳು ರುಚಿತಾ ಧಾರವಾಡಕ್ಕೆ. ಜಯಕರರ ಮನೆಯವರು ಉಡುಪಿಗೆ. ಏಳು ಮನೆ ಪೂರ್ತಿ ಖಾಲಿ. ಉಳಿದವುಗಳಲ್ಲಿ ರಜೆ ಸಿಗದೆ ಹಗಲೆಲ್ಲ ಕಚೇರಿಯಲ್ಲಿರುವ ನಮ್ಮಂಥ ಗಂಡಸರು, ಕೊನೆಗೆ ಕಾಶಿಬಾಯಿ. ಉಮಾಶ್ರೀ ಚೊಚ್ಚಲ ಬಸುರಿ, ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ತೊಟ್ಟಿಲು ಇಳಿಸಿ ಒರೆಸಿಟ್ಟಾಗಿತ್ತು.

ಅಷ್ಟರಲ್ಲಿ ಅಳಿಯ ರವಿಕಾಂತನ ಫೋನು ಬಂತು. ರಕ್ತದೊತ್ತಡ ಏರಿದೆ, ಬಸ್ಸಾಗಲಿ ಕಾರಾಗಲಿ ಹತ್ತಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಹೆರಿಗೆ ನಾಸಿಕದಲ್ಲೇ, ಎಂಟು ದಿನದೊಳಗೆ. ಅವನಿಗೆ ತಾಯಿ ಇಲ್ಲ. ಮನೆಯಲ್ಲಿ ಬೇರೆ ಹೆಂಗಸರೇ ಇಲ್ಲ.

ನಾನೂ ಜಯಕರರೂ ಹೋದಾಗ ಕಾಶಿಬಾಯಿ ಸೆರಗಿನ ಗಂಟಿನಿಂದ ಕೀಲಿಗಳನ್ನು ಬಿಚ್ಚಿ ಎದುರಿಗೆ ಇಟ್ಟುಕೊಂಡು ಕೂತಿದ್ದಳು.

"ಹೋಗ್ರಿ, ಇನ್ನೂ ಯಾಕ ಕೂತೀರಿ?" ಎಂದೆ.

"ಹ್ಯಾಂಗ ಹೋಗ್ಲಿ? ಏಳು ಮನೀದು ಮಾತು ಕೊಟ್ಟೀನಿ. ನಮ್ಮನಿಯವ್ರು ಐದೂವರಿಗಿ ಹೋದ್ರ ಸಂಜೀಗೇ ಬರಾದು."

"ನಾವಿದ್ದೀವಲ್ರಿ."

ಜಾಮೀನಿಲ್ಲದೆ ಸಾಲ ಕೇಳಲು ಬಂದವರನ್ನು ನಾನು ನೋಡುತ್ತೇನಲ್ಲ, ಹಾಗೆ ನೋಡಿದಳು. ಆಮೇಲೆ ಎದ್ದು ರಂಗೋಲಿ ಡಬ್ಬಿ ತಂದು ಅಂಗಳದಲ್ಲಿ ಇಟ್ಟಳು. "ಹಾಕಿ ತೋರಸ್ರಿ."

ಹೀಗೆ ನನ್ನ ಐವತ್ತೊಂದನೆಯ ವಯಸ್ಸಿನಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಕೂತೆ. ಜಯಕರರು ಸ್ಕೇಲು, ದಾರ ತಂದರು. ಆಗಲೇ ತಿಳಿದದ್ದು ಈ ಬಂದೋಬಸ್ತಿನ ನಿಜವಾದ ಗುಟ್ಟು. ಎಲ್ಲ ಮನೆ ಮುಂದೂ ಒಂದೇ ರಂಗೋಲಿ ಹಾಕುವಂತಿಲ್ಲ. ಹಾಕಿದವಳು ಒಬ್ಬಳೇ ಎಂದು ಗೊತ್ತಾಗಿಬಿಡುತ್ತದೆ. ನಮ್ಮ ಮನೆಯದು ಸುಮನಳ ಹನ್ನೊಂದು ಚುಕ್ಕಿ, ಕೊನೆಯ ಎಳೆ ಸ್ವಲ್ಪ ಎಡಕ್ಕೆ ವಾಲಬೇಕು. ಪಕ್ಕದ ಮರಾಠಿ ಮನೆಯದು ಗೋವಿನ ಹೆಜ್ಜೆಯ ಗೋಪದ್ಮ, ಮೂಲೆಗೆ ಅರಿಶಿನ ಕುಂಕುಮ. ಜಯಕರರ ಮನೆಗೆ ಎಂಟೆಸಳಿನ ಕಮಲ. ಎರಡು ವರ್ಷದಿಂದ ಕಾಶಿಬಾಯಿ ಗಲ್ಲಿಯ ಎಲ್ಲ ಹೆಂಗಸರ ಕೈಬರಹವನ್ನು ನಕಲು ಮಾಡುತ್ತ ಬಂದಿದ್ದಳು. ಸಹಿ ಹೋಲಿಸಿ ನೋಡುವುದೇ ನನ್ನ ವೃತ್ತಿ. ನನ್ನ ಹೆಂಡತಿಯ ರಂಗೋಲಿ ಎಡಕ್ಕೆ ವಾಲುತ್ತದೆಂದು ಮೊದಲು ಕೇಳಿದ್ದು ಅವತ್ತೇ.

"ಕಮಲ ಏನ್ರಿ ಇದು? ಫೂಲ್‌ಗೋಬಿ ಕಂಡಂಗ ಕಾಣ್ತದ," ಎಂದಳು ಜಯಕರರ ಕೃತಿ ನೋಡಿ. ನನ್ನದನ್ನು ಒಮ್ಮೆ ನೋಡಿದಳು. ಅಳಿಸಿದಳು.

ಮೂರನೆಯ ಸಲ ಅಳಿಸುವ ಹೊತ್ತಿಗೆ ಉಮಾಶ್ರೀಯೇ ಫೋನು ಮಾಡಿದಳು. ಪಕ್ಕದಲ್ಲಿದ್ದ ನಮಗೂ ಕೇಳುವಷ್ಟು ಜೋರಾಗಿ ಅಳುತ್ತಿದ್ದಳು. "ಅವ್ವಾ, ನೀ ಬರೂತನಾ ನಾ ಹಡಿಯಂಗಿಲ್ಲ!"

ಕಾಶಿಬಾಯಿ ಫೋನು ಇಟ್ಟು, ಕೀಲಿಗಳ ಗೊಂಚಲನ್ನು ನನ್ನ ಅಂಗೈಗೆ ಒತ್ತಿದಳು. "ಹ್ಯಾಂಗರೆ ಹಾಕ್ರಿ. ಖರೆ ದಿನಾ ಹಾಕ್ರಿ." ಮರುದಿನ ಬೆಳಗಿನ ಬಸ್ಸಿಗೆ ಹೊರಟಳು.

ವೈಜಾಪುರ ದಾಟುವ ಮೊದಲೇ ಮೊದಲ ಫೋನು. "ಮೂರನೇ ಮನಿ ತುಳಸಿಗಿ ನೀರು ಹಾಕಿದ್ರಿ?" ನಾಸಿಕಕ್ಕೆ ಮುಟ್ಟಿ ಎರಡನೆಯದು. "ಸೀರಿ ಬದಲ್ಸಿದ್ರಿ?" ಮುಂದಿನ ನಾಲ್ಕು ದಿನ ಬೆಳಿಗ್ಗೆ ಆರೂವರೆಗೆ ತಪ್ಪದೆ ಫೋನು. ನಮ್ಮ ಜೋನಲ್ ಕಚೇರಿಯವರೂ ನನ್ನನ್ನು ಇಷ್ಟು ವಿಚಾರಿಸಿದ್ದಿಲ್ಲ.

ಬ್ಯಾಂಕ್ ಮ್ಯಾನೇಜರ್ ರಂಗೋಲಿ ಹಾಕುತ್ತಾನೆಂಬ ಸುದ್ದಿ ಆಸುಪಾಸಿನ ಗಲ್ಲಿಗಳಿಗೆ ಹರಡಿತು. ಬೆಳಗಿನ ವಾಕಿಂಗಿನವರು ತಮ್ಮ ದಾರಿಯನ್ನೇ ಬದಲಿಸಿ ನಮ್ಮ ಗಲ್ಲಿಗೆ ಬರತೊಡಗಿದರು. ನಾನು ಕೂತರೆ ಸುತ್ತ ಹತ್ತು ಹನ್ನೆರಡು ಜನ. "ಇಲ್ಲಿ ಒಂದು ಚುಕ್ಕಿ ಕಮ್ಮಿ ಸಾಹೇಬ್," ಎಂದು ಒಬ್ಬರು, "ಪುಡಿ ದಪ್ಪಾಯಿತು," ಎಂದು ಇನ್ನೊಬ್ಬರು. ಯಾವ ಕಳ್ಳನೂ ಇಷ್ಟು ಜನರನ್ನು ಸರಿಸಿಕೊಂಡು ಬಾಗಿಲು ಮುಟ್ಟುವಂತಿರಲಿಲ್ಲ.

ಸೀರೆಯದೇ ತಾಪತ್ರಯವಾಯಿತು. ಯಾರೋ ಪುಣ್ಯಾತ್ಮರು ಧಾರವಾಡಕ್ಕೆ ಫೋನು ಮಾಡಿ, ನಿಮ್ಮ ಮನೆ ಹಗ್ಗದ ಮೇಲೆ ದಿನಾ ಹೊಸ ಸೀರೆ ಒಣಗುತ್ತಿದೆ ಎಂದು ಹೇಳಿದ್ದರು.

"ಯಾರ ಸೀರಿ ಅವು?" ಎಂದಳು ಸುಮನ.

"ನಿನ್ನವ!"

"ನನ್ನ ಸೀರಿ ಯಾರು ಉಟ್ಟಾರ?"

"ಯಾರೂ ಉಟ್ಟಿಲ್ಲ. ನಾನೇ ಹಿಂಡಿ ಹಾಕ್ಲಿಕ್ಕತ್ತೀನಿ."

"ನಾನು ಇದ್ದಾಗ ಒಂದು ಕರವಸ್ತ್ರ ಹಿಂಡಿದವರಲ್ಲ," ಎಂದು ಫೋನು ಇಟ್ಟಳು.

ಆರನೆಯ ದಿನ ಆರೂವರೆಗೆ ಫೋನು ಬರಲಿಲ್ಲ. ಏಳಾಯಿತು, ಎಂಟಾಯಿತು. ನನ್ನ ಕೈಯಲ್ಲಿ ಪುಡಿ ಹಾಗೇ ಇತ್ತು. ಅಂದು ವಾರದ ರಜೆಯಲ್ಲಿದ್ದ ವೈಜನಾಥ ಕಟ್ಟೆಯ ಮೇಲೆ ಕೂತು ಸುಮ್ಮನೆ ಒಂದು ಸ್ಕ್ರೂ ತಿರುಗಿಸುತ್ತಿದ್ದ. ಹಾಕಲು ಅಲ್ಲಿ ಬಾಗಿಲೇ ಇರಲಿಲ್ಲ. ಯಾರೂ ತಮಾಷೆ ಮಾಡಲಿಲ್ಲ. ಜಯಕರ ಮಾತ್ರ ಗಂಟಲು ಸರಿಪಡಿಸಿಕೊಂಡು, "ಇದರ ಅರ್ಥ ಎಂತ ಗೊತ್ತುಂಟಾ? ನಮ್ಮ ಕೆಲಸದ ಮೇಲೆ ಅವರಿಗೆ ಪೂರ್ಣ ವಿಶ್ವಾಸ ಬಂದಿದೆ," ಎಂದರು. ನನಗೂ ಹಾಗೇ ಅನಿಸಿತು, ಅಥವಾ ಹಾಗೇ ಅಂದುಕೊಳ್ಳುವುದು ಹಿತವಾಗಿತ್ತು.

ಸಂಜೆಗೆ ರವಿಕಾಂತನ ಫೋನು. ಹೆಣ್ಣುಮಗು, ತಾಯಿಯೂ ಮಗುವೂ ಕ್ಷೇಮ. ವೈಜನಾಥ ಸ್ಕ್ರೂ ಕಿಸೆಗೆ ಹಾಕಿಕೊಂಡು ಪೇಢೆ ತರಲು ಓಡಿದ.

ಅದರ ಮರುವಾರ ಜಯಕರರಿಗೆ ಹಳೆಯ ಚಟ ಮರುಕಳಿಸಿತು. ಕೆಟ್ಟು ಕೂತಿದ್ದ ಸೈರನ್ನಿನ ರಿಪೇರಿಗೆ ಕಂಪನಿಯವನನ್ನು ಕರೆದರು. ಮನೆಗಳಿಂದ ಅಂದು ತೆಗೆದ ನಂಬರನ್ನು ಮತ್ತೆ ಹಾಕಿರಲಿಲ್ಲವಲ್ಲ, "ಗಲ್ಲಿಯಲ್ಲಿ ನಮ್ಮ ಮುಚ್ಚಿದ ಮನೆ ಉಂಟು, ಯಾರೂ ಇಲ್ಲ, ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ನಿಂತು ಫೋನು ಮಾಡು," ಎಂದು ಹೇಳಿ ಕಚೇರಿಯಲ್ಲಿ ಕಾದರು. ಸಂಜೆ ತಾವೇ ಫೋನು ಮಾಡಿದರೆ ಅವನು ಮರಾಠಿಯಲ್ಲಿ ಇವರನ್ನೇ ಬೈದನಂತೆ. ಎರಡು ಸಲ ಗಲ್ಲಿ ಸುತ್ತಿದೆ, ಎಲ್ಲಾ ಮನೆಯಲ್ಲೂ ಜನ ಇದ್ದಾರೆ, ಮುಚ್ಚಿದ ಮನೆ ಒಂದೂ ಕಾಣಲಿಲ್ಲ, ಸುಮ್ಮನೆ ಬಿಸಿಲಲ್ಲಿ ಅಲೆಸಿದಿರಿ ಎಂದು. ಆ ಮಧ್ಯಾಹ್ನ ಗಲ್ಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜಯಕರ ನನ್ನನ್ನು ಅಪ್ಪಿಕೊಂಡರು.

ಜೂನ್ ಕೊನೆಗೆ ಕಾಶಿಬಾಯಿ ಕೂಸು ಬಾಣಂತಿಯರನ್ನು ಜೀಪಿನಲ್ಲಿ ಕರೆತಂದಳು. ಅಷ್ಟರಲ್ಲಿ ಎಲ್ಲರ ಮನೆಯವರೂ ಮರಳಿದ್ದರು. ಆಕೆಯ ಮನೆ ಮುಂದಿನ ರಂಗೋಲಿಯನ್ನು ಮಾತ್ರ ಅಂದೂ ನಾನೇ ಹಾಕಿದ್ದೆ. ಕೂಸನ್ನು ಎತ್ತಿಕೊಂಡು ಆಕೆ ಅದನ್ನು ಒಂದು ಗಳಿಗೆ ನೋಡಿ, ತುಳಿಯದೆ ದಾಟಿ ಒಳಗೆ ಹೋದಳು. ಅದನ್ನೇ ದೊಡ್ಡ ಪ್ರಶಸ್ತಿ ಎಂದುಕೊಂಡು ನಾನು ಸುಮ್ಮನಿರಬಹುದಾಗಿತ್ತು. ಇರಲಿಲ್ಲ. ಮನೆಯವರು ಆಕೆಯಲ್ಲೇ ಬಿಟ್ಟಿರುತ್ತಿದ್ದ ಏಳಕ್ಕೆ ಏಳೂ ಹೆಚ್ಚುವರಿ ಕೀಲಿ ಕೈಗೆ ಒಪ್ಪಿಸಿ, ಸೈರನ್ನಿನವನ ಕಥೆ ಹೇಳಿ, ಹೆಂಡತಿ ಮಗಳ ಎದುರಿಗೇ ಕೇಳಿದೆ.

"ಹೆರಿಗಿ ದಿನ ನೀವು ಫೋನ್ ಮಾಡ್ಲಿಲ್ಲಲ್ರಿ ಕಾಶಿಬಾಯಿ, ಗಲ್ಲಿ ನಮ್ಮ ಕೈಯಾಗ ಭದ್ರ ಐತಿ ಅಂತ ನಿಮಗ ಅವತ್ತ ಪೂರಾ ಖಾತ್ರಿ ಆಗಿತ್ತು, ಹೌದಿಲ್ಲೋ?"

ಆಕೆ ಕೂಸಿನ ಕುಂಚಿಗೆ ಸರಿಪಡಿಸುತ್ತಲೇ ಹೇಳಿದಳು.

"ಎಲ್ಲಿದು ತಗೀರಿ ಸಾಹೇಬ್ರೆ. ಮಗಳು ನನ್ನ ಕೈ ಹಿಡಕೊಂಡು ಚೀರಲಾಕತ್ತಾಗ, ನೀವು ಯಾರಂಬೋದೇ ನೆನಪಿರ್ಲಿಲ್ಲ."